ಗೆದ್ದರೂ ಲೆಕ್ಕಕ್ಕಿಲ್ಲದ ಚಾಂಪಿಯನ್: 1941ರ ಸ್ಕೀ ಜಂಪಿಂಗ್ ಕಥೆ

ಇವತ್ತು ನಾನು ಹೇಳೋದು ನಮ್ಮ ಕಡೆ ಯಾರೂ ಆಡದ ಒಂದು ಆಟದ ಕಥೆ. ಆದರೆ ಅದರೊಳಗಿನ ಪ್ರಶ್ನೆ ನಮಗೂ ಹೊಸದಲ್ಲ.

ಆಟದ ಹೆಸರು ಸ್ಕೀ ಜಂಪಿಂಗ್. ಹಿಮ ತುಂಬಿದ ಕಡಿದಾದ ಇಳಿಜಾರು. ಕಾಲಿಗೆ ಎರಡು ಉದ್ದದ ಹಲಗೆ ಕಟ್ಟಿಕೊಂಡು ಮೇಲಿಂದ ಜಾರಿ ಬರ್ತಾರೆ. ಕೊನೆಯಲ್ಲಿ ಇಳಿಜಾರು ಥಟ್ಟನೆ ಮುಗಿಯುತ್ತೆ, ಮನುಷ್ಯ ಗಾಳಿಯಲ್ಲಿ. ಎಷ್ಟು ದೂರ ಹಾರಿದ ಅನ್ನೋದಕ್ಕೂ ಅಂಕ, ಎಷ್ಟು ಚೆನ್ನಾಗಿ ಹಾರಿ ಇಳಿದ ಅನ್ನೋದಕ್ಕೂ ಅಂಕ. 1936ರಲ್ಲೇ, ಈಗ ಸ್ಲೊವೇನಿಯಾದಲ್ಲಿರುವ ಪ್ಲಾನಿಟ್ಸಾ ಅನ್ನೋ ಜಾಗದಲ್ಲಿ, ಆಸ್ಟ್ರಿಯಾದ ಹುಡುಗ ಸೆಪ್ ಬ್ರಾಡ್ಲ್ 101.5 ಮೀಟರ್ ಹಾರಿದ್ದ. ಜಗತ್ತಿನಲ್ಲಿ ನೂರು ಮೀಟರ್ ದಾಟಿದ ಮೊದಲ ವ್ಯಕ್ತಿ ಅವನೇ. ಆಗ ಅವನ ವಯಸ್ಸು ಬರೀ 18.

ಒಂದು ದಿನ ನಾನು ಈ ಆಟದ ವಿಶ್ವ ಚಾಂಪಿಯನ್‌ಗಳ ಪಟ್ಟಿ ನೋಡ್ತಿದ್ದೆ. 1937, 1938, 1939. ಆಮೇಲೆ ಖಾಲಿ. ಯುದ್ಧ ಶುರುವಾಯ್ತು, ಆಟ ನಿಂತಿತು ಅಂದುಕೊಂಡೆ. ಆದರೆ ಆಟ ನಿಂತಿರಲಿಲ್ಲ. 1941ರ ಫೆಬ್ರವರಿಯಲ್ಲಿ ಇಟಲಿಯ ಕೊರ್ಟಿನಾದಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಿತ್ತು. ಹೌದು, 2026ರ ಚಳಿಗಾಲದ ಒಲಿಂಪಿಕ್ಸ್ ಹೆಸರಿನಲ್ಲಿ ಕೇಳಿದ್ದೀರಲ್ಲ, ಅದೇ ಕೊರ್ಟಿನಾ. ಅಲ್ಲಿ ಜಂಪಿಂಗ್ ಗೆದ್ದವನು ಫಿನ್ಲೆಂಡಿನ ಪಾವೊ ವಿಯೆರ್ಟೊ. ಹಾಗಾದ್ರೆ ಪಟ್ಟಿಯಲ್ಲಿ ಅವನ ಹೆಸರು ಯಾಕಿಲ್ಲ?

ಇದಕ್ಕೆ ಉತ್ತರ ಬೇಕು ಅಂದ್ರೆ, ಅಲ್ಲಿಗೆ ಬಂದವರನ್ನಲ್ಲ, ಬರದೇ ಇದ್ದವರನ್ನ ನೋಡಬೇಕು.

ಮೊದಲು ಪೋಲೆಂಡ್. 1939ರ ಫೆಬ್ರವರಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಿದ್ದೇ ಪೋಲೆಂಡಿನ ಝಕೊಪಾನೆಯಲ್ಲಿ. ಜಂಪಿಂಗ್ ಗೆದ್ದದ್ದು ಅದೇ ಬ್ರಾಡ್ಲ್. ಆದರೆ ಅಷ್ಟರಲ್ಲಿ ಆಸ್ಟ್ರಿಯಾವನ್ನು ಹಿಟ್ಲರ್ ನುಂಗಿ ಹಾಕಿದ್ದ, ಹಾಗಾಗಿ ಅವನು ಹಾರಿದ್ದು ಜರ್ಮನಿಯ ಹೆಸರಲ್ಲಿ. ಪೋಲೆಂಡಿನವರು ಎಲ್ಲ ದೇಶದವರನ್ನೂ ಅತಿಥಿಗಳ ಹಾಗೆ ನೋಡಿಕೊಂಡರು. ಏಳು ತಿಂಗಳು ಕಳೆಯಿತು ಅಷ್ಟೇ. ಸೆಪ್ಟೆಂಬರ್ 1ಕ್ಕೆ ಜರ್ಮನಿಯ ಸೈನ್ಯ ಗಡಿ ದಾಟಿ ಒಳಗೆ ಬಂತು.

ಪೋಲೆಂಡಿನ ಸ್ಟಾನಿಸ್ಲಾವ್ ಮರುಸಾಝ್ 1938ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದವನು. ಯುದ್ಧ ಶುರುವಾದ ಮೇಲೆ ಬೆಟ್ಟ ದಾಟಿ ಗುಪ್ತವಾಗಿ ಸಂದೇಶ ಸಾಗಿಸ್ತಿದ್ದ. ಸಿಕ್ಕಿಬಿದ್ದ. ಕ್ರಾಕೋವ್‌ನ ಜೈಲಿಗೆ ಹಾಕಿದ್ರು. 1940ರಲ್ಲಿ ಕಿಟಕಿಯಿಂದ ಹಾರಿ ತಪ್ಪಿಸಿಕೊಂಡು ಹಂಗೇರಿ ಸೇರಿದ. ಅವನ ಗೆಳೆಯರ ಪೈಕಿ ಎಲ್ಲರಿಗೂ ಈ ಅದೃಷ್ಟ ಇರಲಿಲ್ಲ. ಮೂರು ಒಲಿಂಪಿಕ್ಸ್ ಆಡಿದ್ದ ಬ್ರೊನಿಸ್ಲಾವ್ ಚೆಖ್‌ನನ್ನು ಅದೇ ವರ್ಷ ಆಶ್ವಿಟ್ಜ್‌ಗೆ ಸಾಗಿಸಿದ್ರು. 1944ರಲ್ಲಿ ಅಲ್ಲೇ ಸತ್ತ.

ಇನ್ನು ನಾರ್ವೆ. ಈ ಆಟಕ್ಕೆ ನಾರ್ವೆ ಅಂದ್ರೆ ತವರುಮನೆ. ಕೊಂಗ್ಸ್‌ಬರ್ಗ್ ಅನ್ನೋ ಊರಿನ ರೂಡ್ ಅಣ್ಣತಮ್ಮಂದಿರು, ಸಿಗ್ಮಂಡ್, ಬಿರ್ಗರ್, ಆಸ್ಬ್ಯೋರ್ನ್, ಮೂವರೂ ವಿಶ್ವ ಚಾಂಪಿಯನ್‌ಗಳು. ಬಿರ್ಗರ್ ಅಂತೂ 1932 ಮತ್ತು 1936, ಎರಡು ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. 1940ರ ಏಪ್ರಿಲ್ 9ಕ್ಕೆ ಜರ್ಮನಿ ನಾರ್ವೆಯ ಮೇಲೂ ದಾಳಿ ಮಾಡ್ತು. ಹೊಸ ಆಡಳಿತ ಕ್ರೀಡಾ ಸಂಘಗಳನ್ನೆಲ್ಲ ತನ್ನ ಮುಷ್ಟಿಗೆ ತಗೊಂಡಿತು. ಆಗ ನಾರ್ವೆಯ ಆಟಗಾರರು ಏನು ಮಾಡಿದ್ರು ಗೊತ್ತಾ? ಆಡೋದನ್ನೇ ಬಿಟ್ರು. ಮುಷ್ಕರ! ಸರ್ಕಾರ ನಡೆಸೋ ಪಂದ್ಯಕ್ಕೆ ಆಟಗಾರರೂ ಇಲ್ಲ, ಪ್ರೇಕ್ಷಕರೂ ಇಲ್ಲ. ಆಡಬೇಕು ಅನ್ನಿಸಿದ್ರೆ ಕಾಡಿನೊಳಗೆ, ಯಾರಿಗೂ ಗೊತ್ತಾಗದ ಹಾಗೆ.

ಬಿರ್ಗರ್ ರೂಡ್ ನಾಜಿಗಳಿಗೆ ಸಹಕರಿಸಲಿಲ್ಲ. ಕಾನೂನುಬಾಹಿರ ಅನ್ನಿಸಿಕೊಂಡ ಆ ಪಂದ್ಯಗಳ ಜೊತೆ ನಿಂತ. 1943ರಲ್ಲಿ ಅವನನ್ನು ಓಸ್ಲೋ ಹತ್ತಿರದ ಗ್ರಿನಿ ಶಿಬಿರದಲ್ಲಿ ಸೆರೆ ಇಟ್ಟರು. ಮೈಯಲ್ಲಿ ಶಕ್ತಿ ಇದ್ದ ವರ್ಷಗಳು ಹೀಗೇ ಕಳೆದುಹೋದವು.

ಈಗ ಮತ್ತೆ ಕೊರ್ಟಿನಾಗೆ ಬನ್ನಿ. 1941. ಮುಸೊಲಿನಿಯ ಇಟಲಿ ಆತಿಥೇಯ. ಯುದ್ಧದಿಂದಾಗಿ ಎಷ್ಟೋ ದೇಶಗಳು ಇಲ್ಲ. ಜಗತ್ತಿನ ಕಣ್ಣಿಗೆ ‘ನೋಡಿ, ಎಲ್ಲ ಮಾಮೂಲಿಯಾಗೇ ಇದೆ’ ಅಂತ ತೋರಿಸೋ ಪಂದ್ಯ ಅದು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟ ಆ ಚಾಂಪಿಯನ್‌ಶಿಪ್ಪನ್ನೇ ರದ್ದು ಮಾಡ್ತು. ಪದಕಗಳು ಲೆಕ್ಕಕ್ಕಿಲ್ಲ.

ನಾನು ಇದನ್ನು ಓದಿ ‘ಸರಿಯಾಗೇ ಮಾಡಿದ್ರು’ ಅಂದುಕೊಂಡೆ. ಈಗಲೂ ಹಾಗೇ ಅನ್ನಿಸುತ್ತೆ. ಒಬ್ಬ ಜೈಲಿಂದ ಓಡ್ತಿದ್ದಾನೆ, ಇನ್ನೊಬ್ಬ ಆಟವನ್ನೇ ಬಿಟ್ಟು ಕೂತಿದ್ದಾನೆ. ಅವರಿಲ್ಲದ ಕಡೆ ಗೆದ್ದವನನ್ನು ವಿಶ್ವ ಚಾಂಪಿಯನ್ ಅನ್ನೋದು ಹೇಗೆ?

ಆದರೆ ಆಮೇಲೆ ವಿಯೆರ್ಟೊ ಬಗ್ಗೆ ಹುಡುಕಿದೆ. ಅವನ ದೇಶ ಫಿನ್ಲೆಂಡ್ 1939ರ ನವೆಂಬರ್‌ನಿಂದ 1940ರ ಮಾರ್ಚ್‌ವರೆಗೆ ಸೋವಿಯತ್ ದಾಳಿ ಎದುರಿಸಿತ್ತು. ಅಂದ್ರೆ ಕೊರ್ಟಿನಾಗೆ ಅವನು ಬಂದದ್ದು ಒಂದು ಯುದ್ಧದಿಂದ ಎದ್ದ ದೇಶದಿಂದ. 1941ರ ಜೂನ್‌ನಲ್ಲಿ ಫಿನ್ಲೆಂಡ್ ಮತ್ತೆ ಯುದ್ಧಕ್ಕೆ ಇಳಿಯಿತು, ಈ ಸಲ ಜರ್ಮನಿಯ ಜೊತೆ. ಅದೇ ವರ್ಷ ವಿಯೆರ್ಟೊ ಯುದ್ಧದಲ್ಲಿ ಸತ್ತ. ಇನ್ನೂ ಇಪ್ಪತ್ತರ ಹರೆಯ. ಗೆದ್ದ ವರ್ಷವೇ ಹೋದ. ಐದು ವರ್ಷ ಆದ ಮೇಲೆ ಅವನ ಗೆಲುವನ್ನೂ ಅಳಿಸಿದ್ರು. ‘ನಾನು ಹಾರಿದ್ದು ನಿಜ ಅಲ್ವಾ?’ ಅಂತ ಕೇಳೋಕೆ ಅವನು ಇರಲಿಲ್ಲ.

ಆಟ ಬೇರೆ, ರಾಜಕೀಯ ಬೇರೆ ಅಂತ ನಾವು ಸಲೀಸಾಗಿ ಹೇಳ್ತೀವಿ. ಯಾವ ತಂಡದ ಜೊತೆ ಆಡಬೇಕು, ಯಾರನ್ನ ಹೊರಗಿಡಬೇಕು ಅನ್ನೋ ಚರ್ಚೆ ಬಂದಾಗೆಲ್ಲ ಇದೇ ಮಾತು. ಈ ಕಥೆ ಕೇಳಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ನಿರ್ಧಾರ ಸರಿ ಇರಬಹುದು. ಆದರೂ ಅದರ ಬೆಲೆ ಯಾರೋ ಒಬ್ಬ ಕೊಡ್ತಾನೆ. ರೂಡ್ ಆಡದೇ ಬೆಲೆ ಕೊಟ್ಟ, ವಿಯೆರ್ಟೊ ಆಡಿ ಕೊಟ್ಟ. ಇಬ್ಬರದ್ದೂ ನೆನಪಿರಬೇಕು.

ಮುಗಿಸೋ ಮುಂಚೆ ಇನ್ನೊಂದು ಮಾತು. 1948ರಲ್ಲಿ ಸೇಂಟ್ ಮೊರಿಟ್ಜ್ ಒಲಿಂಪಿಕ್ಸ್‌ಗೆ ಬಿರ್ಗರ್ ರೂಡ್ ಹೋಗಿದ್ದು ಕೋಚ್ ಆಗಿ. ಹವಾಮಾನ ಕೆಟ್ಟಿತ್ತು. ಅನುಭವ ಕಡಿಮೆ ಇದ್ದ ಹುಡುಗನ ಬದಲು ತಾನೇ ಹಾರ್ತೀನಿ ಅಂದ. 36ನೇ ವಯಸ್ಸಿನಲ್ಲಿ ಹಾರಿ ಬೆಳ್ಳಿ ಗೆದ್ದ. ಇನ್ನು 1956ರಲ್ಲಿ ಒಲಿಂಪಿಕ್ಸ್ ಅದೇ ಕೊರ್ಟಿನಾಗೆ ಬಂತು. ಅಲ್ಲಿವರೆಗೂ ಈ ಆಟದ ಒಲಿಂಪಿಕ್ ಚಿನ್ನವೆಲ್ಲ ನಾರ್ವೆಗೇ ಹೋಗಿತ್ತು. ಆ ಸಲ ಗೆದ್ದವನು ಆಂಟ್ಟಿ ಹೈವರಿನೆನ್, ಫಿನ್ಲೆಂಡಿನವನು. ಈ ಗೆಲುವು ಲೆಕ್ಕಕ್ಕೆ ಬಂತು.

ನೀವೇನಂತೀರಿ? 1941ರ ಗೆಲುವನ್ನು ಅಳಿಸಿದ್ದು ಸರೀನಾ? ಪಕ್ಕದಲ್ಲಿ ಕೂತಿರೋ ಗೆಳೆಯರ ಹತ್ತಿರ ಒಂದ್ಸಲ ಕೇಳಿ ನೋಡಿ.