ಅಲರ್ಜಿ ಕೊಡದ ಬೆಕ್ಕು ನಿಜವಾಗ್ಲೂ ಇದೆಯಾ?

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)

ಇವತ್ತಿನ ವಿಷಯ ಬೆಕ್ಕು. ಬೆಕ್ಕಿನ ಜೊತೆಗೆ ಸೀನು, ಉಬ್ಬಸ, ಮತ್ತೆ ಒಂದಷ್ಟು ದುಡ್ಡಿನ ಲೆಕ್ಕ.

ವಿಷಯ ಬಂದಿದ್ದು ಕೇಳುಗರೊಬ್ಬರ ವಾಯ್ಸ್ ನೋಟ್‌ನಿಂದ. ಅವರಿಗೆ ಬೆಕ್ಕು ಅಂದ್ರೆ ಪ್ರಾಣ. ಆದ್ರೆ ಮನೇಲಿರೋ ತಮ್ಮನಿಗೆ ಅಸ್ತಮಾ. ಬೆಕ್ಕಿರೋ ಮನೆಗೆ ಹೋದ್ರೆ ಅರ್ಧ ಗಂಟೇಲಿ ಕಣ್ಣು ಕೆಂಪಾಗುತ್ತೆ, ಎದೆ ಬಿಗಿಯುತ್ತೆ. ಇವರಿಗೆ ಸೋಶಿಯಲ್ ಮೀಡಿಯಾದಲ್ಲಿ ಒಂದು ಜಾಹೀರಾತು ಸಿಕ್ಕಿದೆ: 'ಹೈಪೋಅಲರ್ಜೆನಿಕ್ ಮರಿ, ಅಲರ್ಜಿ ಇರೋರೂ ಸಾಕಬಹುದು'. ರೇಟು ಮಾತ್ರ ಮಾಮೂಲಿ ಮರಿಗಿಂತ ಹಲವು ಪಟ್ಟು. 'ಅಡ್ವಾನ್ಸ್ ಕೊಟ್ಟುಬಿಡ್ಲಾ?' ಅಂತ ಕೇಳಿದ್ದಾರೆ.

ನಾನು ಡಾಕ್ಟರ್ ಅಲ್ಲ, ಓದಿದ್ದು ಬಿ.ಕಾಂ. ಆದ್ರೆ ಒಂದು ಲೇಬಲ್ ನೋಡಿದ್ರೆ 'ಇದನ್ನ ಪರೀಕ್ಷೆ ಮಾಡಿದ್ದು ಯಾರು?' ಅಂತ ಕೇಳೋಕೆ ಬಿ.ಕಾಂ. ಸಾಕು. ಹಾಗೆ ಕೇಳ್ತಾ ಹೋದಾಗ ಸಿಕ್ಕಿದ್ದನ್ನ ಹೇಳ್ತೀನಿ.

ಮೊದಲು ಉತ್ತರ. ಅಲರ್ಜಿ ಕೊಡಲ್ಲ ಅಂತ ಪರೀಕ್ಷೆಯಲ್ಲಿ ಸಾಬೀತಾದ ಬೆಕ್ಕಿನ ತಳಿ ಇವತ್ತಿನವರೆಗೂ ಒಂದೂ ಇಲ್ಲ. ಯಾಕೆ ಅಂತ ಈಗ ನೋಡೋಣ.

ನಮ್ಮಲ್ಲಿ ಬಹಳ ಜನ 'ಬೆಕ್ಕಿನ ಕೂದಲು ಆಗಲ್ಲ' ಅಂತಾರೆ. ತೊಂದರೆ ಇರೋದು ಕೂದಲಲ್ಲಲ್ಲ, ಅದಕ್ಕೆ ಅಂಟಿರೋ ಒಂದು ಪ್ರೋಟೀನ್‌ನಲ್ಲಿ. ಅದರ ಹೆಸರು ಫೆಲ್ ಡಿ 1. ಬೆಕ್ಕಿನ ಅಲರ್ಜಿ ಇರೋರಲ್ಲಿ ಬಹುಪಾಲು ಜನರ ದೇಹ ರೊಚ್ಚಿಗೇಳೋದು ಇದರ ಮೇಲೇನೇ. ಇದು ತಯಾರಾಗೋದು ಬೆಕ್ಕಿನ ಚರ್ಮದ ಎಣ್ಣೆ ಗ್ರಂಥಿಗಳಲ್ಲಿ ಮತ್ತು ಜೊಲ್ಲಿನಲ್ಲಿ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತಲ್ಲ, ಆಗ ಜೊಲ್ಲು ಮೈಮೇಲೆಲ್ಲ ಒಣಗುತ್ತೆ. ನಮ್ಮ ತಲೆಹೊಟ್ಟಿನ ಥರ ಬೆಕ್ಕಿನ ಚರ್ಮದ ಹೊಟ್ಟೂ ಉದುರುತ್ತೆ. ಅದರ ಜೊತೆ ಈ ಪ್ರೋಟೀನ್ ಗಾಳಿಗೆ ಸೇರುತ್ತೆ.

ಇದರ ಕಣಗಳಲ್ಲಿ ಕೆಲವು ಸುಮಾರು 5 ಮೈಕ್ರಾನ್‌ಗಿಂತಲೂ ಚಿಕ್ಕವು. ಒಂದು ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರ್‌ನ 1,000 ಭಾಗದಲ್ಲಿ ಒಂದು ಭಾಗ. ಅಷ್ಟು ಹಗುರ ಇರೋದ್ರಿಂದ ನೆಲಕ್ಕೆ ಬೀಳದೆ ಗಂಟೆಗಟ್ಟಲೆ ಗಾಳೀಲಿ ತೇಲ್ತಾ ಇರುತ್ತೆ, ಉಸಿರಿನ ಜೊತೆ ಶ್ವಾಸನಾಳದ ಒಳಗೂ ಹೋಗುತ್ತೆ. ಹಾಗಾಗಿಯೇ ಬೆಕ್ಕನ್ನ ಮುಟ್ಟದೇ, ಬರೀ ಆ ಮನೆಯ ಸೋಫಾ ಮೇಲೆ ಕೂತ್ರೂ ಕೆಲವರಿಗೆ ಸೀನು ಶುರು. ಬಟ್ಟೆಗೂ ಅಂಟಿಕೊಂಡು ಊರೆಲ್ಲ ಸುತ್ತುತ್ತೆ. ಸ್ವೀಡನ್‌ನಲ್ಲಿ ಶಾಲಾ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯ್ತು. ಬೆಕ್ಕಿನ ಅಲರ್ಜಿ ಜೊತೆ ಅಸ್ತಮಾ ಇರೋ ಮಕ್ಕಳು, ಬೆಕ್ಕು ಸಾಕಿದ ಸಹಪಾಠಿಗಳು ಜಾಸ್ತಿ ಇರೋ ತರಗತೀಲಿ ಕೂತಾಗ ಅವರ ಅಸ್ತಮಾ ಹೆಚ್ಚಾಗಿತ್ತು. ಆ ತರಗತೀಲಿ ಬೆಕ್ಕೇ ಇರಲಿಲ್ಲ!

ದೇಹದ ಒಳಗೆ ಏನಾಗುತ್ತೆ? ಫೆಲ್ ಡಿ 1ರಿಂದ ನಮಗೆ ಯಾವ ಅಪಾಯವೂ ಇಲ್ಲ. ಆದ್ರೆ ಅಲರ್ಜಿ ಇರೋರ ರೋಗನಿರೋಧಕ ವ್ಯವಸ್ಥೆ ಅದನ್ನ ಶತ್ರು ಅಂದ್ಕೊಂಡು ಐಜಿಇ ಅನ್ನೋ ಪ್ರತಿಕಾಯ ತಯಾರಿಸಿ ಇಟ್ಕೊಳ್ಳುತ್ತೆ. ಮುಂದಿನ ಸಲ ಆ ಪ್ರೋಟೀನ್ ಬಂದಾಗ ಹಿಸ್ಟಮಿನ್ ಮತ್ತಿತರ ರಾಸಾಯನಿಕಗಳು ಬಿಡುಗಡೆಯಾಗುತ್ತೆ. ಮೂಗಲ್ಲಿ ನೀರು, ಕಣ್ಣಲ್ಲಿ ತುರಿಕೆ, ಮೈಮೇಲೆ ದದ್ದು. ಅಸ್ತಮಾ ಇರೋರಿಗೆ ಶ್ವಾಸನಾಳವೇ ಕಿರಿದಾಗುತ್ತೆ. ಅಲ್ಲಿಗೆ ಇದು ಬರೀ ಸೀನಿನ ಕಿರಿಕಿರಿಯಾಗಿ ಉಳಿಯಲ್ಲ.

ಈಗ ಮಾರುಕಟ್ಟೇಲಿ 'ಹೈಪೋಅಲರ್ಜೆನಿಕ್' ಅಂತ ಓಡೋ ಹೆಸರುಗಳಿಗೆ ಬರೋಣ. ಸ್ಫಿಂಕ್ಸ್, ಸೈಬೀರಿಯನ್, ಬಾಲಿನೀಸ್. ಸ್ಫಿಂಕ್ಸ್‌ಗೆ ಮೈಮೇಲೆ ಕೂದಲೇ ಇಲ್ಲ ಅನ್ನಬಹುದು. ಆದ್ರೆ ಚರ್ಮ ಇದೆ, ಎಣ್ಣೆ ಗ್ರಂಥಿ ಇದೆ, ಜೊಲ್ಲು ಇದೆ. ಸೈಬೀರಿಯನ್‌ಗೆ ಉದ್ದ ಕೂದಲು. ಅದರಲ್ಲಿ ಫೆಲ್ ಡಿ 1 ಕಮ್ಮಿ ಅನ್ನೋ ಮಾತಿದೆ. ಕೆಲವು ಬೆಕ್ಕುಗಳಲ್ಲಿ ಕಮ್ಮಿ ಇರಬಹುದು. ಆದ್ರೆ ಒಂದೇ ತಳಿಯ ಎರಡು ಬೆಕ್ಕುಗಳ ನಡುವೆ ದೊಡ್ಡ ವ್ಯತ್ಯಾಸ ಇರುತ್ತೆ. ಒಂದೇ ಬೆಕ್ಕಿನಲ್ಲೂ ಪ್ರಮಾಣ ಆಗಾಗ ಏರಿಳಿಯುತ್ತೆ. ಸಂತಾನಹರಣ ಆಪರೇಷನ್ ಆಗದ ಗಂಡು ಬೆಕ್ಕಲ್ಲಿ ಸಾಮಾನ್ಯವಾಗಿ ಜಾಸ್ತಿ, ಆಪರೇಷನ್ ಆದ್ಮೇಲೆ ಕಮ್ಮಿಯಾಗುತ್ತೆ. ಹಾಗಾಗಿ ತಳಿ ಹೆಸರು ನೋಡಿ 'ಇದು ಸೇಫ್' ಅನ್ನೋಕೆ ಆಧಾರ ಇಲ್ಲ. ಬೀದೀಲಿ ಸಿಕ್ಕ ಒಂದು ಹೆಣ್ಣು ಬೆಕ್ಕಲ್ಲಿ, ದುಬಾರಿ ಮರಿಗಿಂತ ಕಮ್ಮಿ ಇದ್ರೂ ಆಶ್ಚರ್ಯ ಇಲ್ಲ.

ಮತ್ತೆ ಈ ಪದ ಬಂದಿದ್ದು ಎಲ್ಲಿಂದ? 'ಹೈಪೋ' ಅಂದ್ರೆ ಕಮ್ಮಿ ಅಂತ, ಇಲ್ಲ ಅಂತಲ್ಲ. ಯಾವುದಕ್ಕಿಂತ ಕಮ್ಮಿ, ಎಷ್ಟು ಕಮ್ಮಿ, ಯಾರೂ ಹೇಳಲ್ಲ. 1950ರ ದಶಕದಲ್ಲಿ ಅಮೆರಿಕದ ಸೌಂದರ್ಯವರ್ಧಕಗಳ ಜಾಹೀರಾತಿನಿಂದ ಇದು ಜನಪ್ರಿಯವಾಯ್ತು. ಅಲ್ಲಿನ ಎಫ್‌ಡಿಎ 1975ರಲ್ಲಿ ಒಂದು ನಿಯಮ ತಂತು: ಈ ಪದ ಬಳಸಬೇಕಾದ್ರೆ ಪರೀಕ್ಷೆ ಮಾಡಿ ತೋರಿಸಿ ಅಂತ. ಎರಡು ಕಾಸ್ಮೆಟಿಕ್ ಕಂಪನಿಗಳು ಕೋರ್ಟಿಗೆ ಹೋದ್ವು. ಮೇಲ್ಮನವಿ ಕೋರ್ಟ್ ನಿಯಮವನ್ನ ರದ್ದು ಮಾಡ್ತು. ಇವತ್ತಿಗೂ ಅಲ್ಲಿ ಈ ಪದಕ್ಕೆ ಕಾನೂನಿನ ವ್ಯಾಖ್ಯೆ ಇಲ್ಲ. ಕ್ರೀಮ್ ಡಬ್ಬಿ ಮೇಲಿನ ಪದಕ್ಕೇ ಈ ಗತಿ, ಇನ್ನು ಬೆಕ್ಕಿನ ಮರಿ ಜಾಹೀರಾತಿನ ಬಗ್ಗೆ ಹೇಳೋದೇನು!

ಬೆಕ್ಕಿನ ವ್ಯಾಪಾರದಲ್ಲಿ ಇದರ ದೊಡ್ಡ ಉದಾಹರಣೆ ಅಲರ್ಕಾ. ಕ್ಯಾಲಿಫೋರ್ನಿಯಾದ ಕಂಪನಿ. 2004ರಲ್ಲಿ 'ಅಲರ್ಜಿ ಕೊಡದ ಬೆಕ್ಕು ತರ್ತೀವಿ' ಅಂತ ಘೋಷಿಸಿ ಮುಂಗಡ ಬುಕಿಂಗ್ ಶುರು ಮಾಡ್ತು. ಮೊದಲು ಹೇಳಿದ್ದು ಜೀನ್ ತಂತ್ರಜ್ಞಾನದಿಂದ ಮಾಡ್ತೀವಿ ಅಂತ. ಆಮೇಲೆ, ಸಹಜವಾಗೇ ಜೀನ್ ಬೇರೆ ಥರ ಇರೋ ಬೆಕ್ಕುಗಳನ್ನ ಹುಡುಕಿ ಮರಿ ಮಾಡಿಸಿದ್ದೀವಿ ಅಂದ್ರು. 2006ರಲ್ಲಿ ಒಂದು ಮರಿಗೆ ಸುಮಾರು 4,000 ಡಾಲರ್. ಅದೇ ವರ್ಷ ಟೈಮ್ ಪತ್ರಿಕೆಯ ಅತ್ಯುತ್ತಮ ಆವಿಷ್ಕಾರಗಳ ಪಟ್ಟೀಲೂ ಜಾಗ ಸಿಕ್ತು. ಆದ್ರೆ ಬೇರೆ ವಿಜ್ಞಾನಿಗಳು ಪರಿಶೀಲಿಸೋ ಜರ್ನಲ್‌ನಲ್ಲಿ ಕಂಪನಿ ತನ್ನ ದತ್ತಾಂಶ ಪ್ರಕಟಿಸಲೇ ಇಲ್ಲ. ಇದೇ ಸಮೂಹ ಆಮೇಲೆ ಆಶೆರಾ ಅಂತ ಹೊಸ ತಳಿಯನ್ನ ಸುಮಾರು 22,000 ಡಾಲರ್‌ಗೆ ಮಾರೋಕೆ ಹೊರಟ್ತು. 2008ರಲ್ಲಿ ಡಿಎನ್‌ಎ ಪರೀಕ್ಷೆ ಆದಾಗ ಅದು ಹೊಸ ತಳಿಯೇ ಅಲ್ಲ, ಬೇರೊಬ್ಬ ಬ್ರೀಡರ್ ಸಾಕಿದ್ದ ಸವಾನಾ ಬೆಕ್ಕು ಅಂತ ಗೊತ್ತಾಯ್ತು.

ಇಷ್ಟು ಹೇಳಿದ್ರೆ ವಿಜ್ಞಾನಿಗಳು ಕೈಕಟ್ಟಿ ಕೂತಿದ್ದಾರೆ ಅಂದ್ಕೋಬೇಡಿ. ಮೂರು ದಾರೀಲಿ ಕೆಲಸ ನಡೀತಿದೆ.

ಒಂದು, ಬೆಕ್ಕಿನ ಆಹಾರ. ಕೋಳಿಮೊಟ್ಟೆಯಿಂದ ತೆಗೆದ ಪ್ರತಿಕಾಯವನ್ನ ಆಹಾರಕ್ಕೆ ಸೇರಿಸ್ತಾರೆ, ಅದು ಬೆಕ್ಕಿನ ಬಾಯಲ್ಲೇ ಫೆಲ್ ಡಿ 1ಕ್ಕೆ ಅಂಟಿಕೊಂಡು ನಿಷ್ಕ್ರಿಯ ಮಾಡುತ್ತೆ. ಪುರಿನಾ ಕಂಪನಿ ಇದನ್ನ 2020ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡ್ತು. ಮೂರನೇ ವಾರದಿಂದ ಬೆಕ್ಕಿನ ಕೂದಲ ಮೇಲಿನ ಸಕ್ರಿಯ ಅಲರ್ಜಿನ್ ಸರಾಸರಿ 47% ಕಮ್ಮಿಯಾಯ್ತು ಅಂತ ಅಧ್ಯಯನ ಹೇಳುತ್ತೆ. ಅಧ್ಯಯನ ಕಂಪನಿಯದ್ದೇ. ಮತ್ತೆ ಗಮನಿಸಿ, ಅರ್ಧಕ್ಕಿಂತ ಜಾಸ್ತಿ ಇನ್ನೂ ಉಳಿದಿದೆ.

ಎರಡು, ಲಸಿಕೆ. ನಮಗಲ್ಲ, ಬೆಕ್ಕಿಗೆ. ಸ್ವಿಟ್ಜರ್ಲೆಂಡ್‌ನ ಸಂಶೋಧಕರು ಹೈಪೋಕ್ಯಾಟ್ ಅನ್ನೋ ಲಸಿಕೆಯನ್ನ 54 ಬೆಕ್ಕುಗಳಿಗೆ ಕೊಟ್ಟು 2019ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ಬೆಕ್ಕಿನ ದೇಹವೇ ಫೆಲ್ ಡಿ 1 ವಿರುದ್ಧ ಪ್ರತಿಕಾಯ ತಯಾರಿಸ್ತು.

ಮೂರು, ಜೀನ್ ಎಡಿಟಿಂಗ್. ಅಮೆರಿಕದ ವರ್ಜೀನಿಯಾದ ಇನ್‌ಬಯೋ ಕಂಪನಿಯವರು ಕ್ರಿಸ್ಪರ್ ಬಳಸಿ ಬೆಕ್ಕಿನ ಜೀವಕೋಶಗಳಲ್ಲಿ ಈ ಜೀನ್ ಕತ್ತರಿಸಬಹುದು ಅಂತ 2022ರಲ್ಲಿ ತೋರಿಸಿದ್ರು. ನೆನಪಿಡಿ, ಅದು ಲ್ಯಾಬಿನ ಜೀವಕೋಶ, ಮಿಯಾಂವ್ ಅನ್ನೋ ಬೆಕ್ಕಲ್ಲ.

ಹಾಗಾದ್ರೆ ಬೆಕ್ಕು ಬೇಕೇ ಬೇಕು ಅನ್ನೋರು ಏನು ಮಾಡೋದು?

ಮೊದಲು ಅಲರ್ಜಿ ಬೆಕ್ಕಿನದ್ದೇನಾ ಅಂತ ಖಚಿತ ಮಾಡ್ಕೊಳ್ಳಿ. ಧೂಳು, ಜಿರಳೆ, ಪರಾಗದಿಂದಲೂ ಇದೇ ಲಕ್ಷಣ ಬರುತ್ತೆ. ಚರ್ಮಕ್ಕೆ ಸೂಜಿ ಚುಚ್ಚಿ ನೋಡೋ ಪರೀಕ್ಷೆ ಇದೆ, ರಕ್ತದಲ್ಲಿ ಐಜಿಇ ನೋಡೋ ಪರೀಕ್ಷೆಯೂ ಇದೆ. ಅಸ್ತಮಾ ಇದ್ರಂತೂ ಡಾಕ್ಟರನ್ನ ಕೇಳದೆ ಬೆಕ್ಕು ತರಲೇಬೇಡಿ. ಡಾಕ್ಟರ್ ಇನ್ಹೇಲರ್ ಬರೆದಿದ್ರೆ, 'ಅದು ಅಭ್ಯಾಸ ಆಗಿಬಿಡುತ್ತೆ' ಅಂತ ಅಜ್ಜಿ, ದೊಡ್ಡಮ್ಮ ಹೇಳಿದ್ರೂ ನಿಲ್ಲಿಸಬೇಡಿ. ಅದು ಚಟ ಹಿಡಿಸೋ ವಸ್ತು ಅಲ್ಲ.

ಎರಡನೇದು, ತಳಿ ನೋಡಬೇಡಿ, ಆ ಒಂದು ಬೆಕ್ಕನ್ನ ನೋಡಿ. ಅಲರ್ಜಿ ಅಷ್ಟೇನೂ ಜೋರಿಲ್ಲ, ಡಾಕ್ಟರ್ ಕೂಡ ಒಪ್ಪಿದ್ದಾರೆ ಅಂದ್ರೆ, ಅದೇ ಬೆಕ್ಕಿನ ಜೊತೆ ಬೇರೆ ಬೇರೆ ದಿನ ಕೆಲವು ಗಂಟೆ ಕಳೀರಿ. ಬೆಕ್ಕುಗಳನ್ನ ರಕ್ಷಿಸೋರ ಹತ್ರ 'ಸ್ವಲ್ಪ ದಿನ ಫಾಸ್ಟರ್ ಮಾಡ್ತೀನಿ' ಅಂತ ಕೇಳಬಹುದು. ಅಡ್ವಾನ್ಸ್ ಕೊಡೋದಕ್ಕಿಂತ ಇದು ಎಷ್ಟೋ ವಾಸಿ.

ಮೂರನೇದು, ಮನೆ. ಮಲಗೋ ಕೋಣೆಗೆ ಬೆಕ್ಕು ಬರಬಾರದು. ಇದು ಕಷ್ಟ, ಆದ್ರೆ ರಾತ್ರಿಯಿಡೀ ಉಸಿರಾಡೋ ಜಾಗ ಅದು. ಕಾರ್ಪೆಟ್, ಬಟ್ಟೆಯ ಸೋಫಾ ಈ ಪ್ರೋಟೀನ್‌ನ ಗೋದಾಮು. ನಮ್ಮ ಮನೆಗಳಲ್ಲಿ ಟೈಲ್ಸ್ ನೆಲ ಇರೋದು ಒಂದು ಅನುಕೂಲ. ಗುಡಿಸಿ ಎಬ್ಬಿಸೋ ಬದಲು ಒದ್ದೆ ಬಟ್ಟೇಲಿ ಒರೆಸಿ. ಹೆಪಾ ಫಿಲ್ಟರ್ ಇರೋ ಏರ್ ಪ್ಯೂರಿಫೈಯರ್ ಗಾಳೀಲಿರೋದನ್ನ ಸ್ವಲ್ಪ ಕಮ್ಮಿ ಮಾಡುತ್ತೆ. ಬೆಕ್ಕಿಗೆ ಸ್ನಾನ ಮಾಡಿಸಿದ್ರೂ ಕಮ್ಮಿಯಾಗುತ್ತೆ, ಆದ್ರೆ ಕೆಲವೇ ದಿನದಲ್ಲಿ ಮತ್ತೆ ಮೊದಲಿನಷ್ಟೇ. ಪಾಪ, ನೀರು ಕಂಡ್ರೆ ಓಡೋ ಪ್ರಾಣಿಗೆ ವಾರಕ್ಕೆರಡು ಸ್ನಾನ ಎಷ್ಟು ದಿನ ನಡೆಯುತ್ತೆ?

ಇನ್ನು ಮಾರಾಟಗಾರರಿಗೆ ಮೂರು ಪ್ರಶ್ನೆ ಕೇಳಿ. ಈ ಮರಿಯ ಫೆಲ್ ಡಿ 1 ಅಳೆದಿದ್ದೀರಾ? ಯಾವ ಲ್ಯಾಬ್, ರಿಪೋರ್ಟ್ ಎಲ್ಲಿ? ಅಲರ್ಜಿ ಬಂದ್ರೆ ಬೆಕ್ಕು ವಾಪಸ್ ತಗೊಂಡು ದುಡ್ಡು ಕೊಡ್ತೀರಾ, ಬರೆದು ಕೊಡ್ತೀರಾ? ಉತ್ತರ ಬರಲಿಲ್ಲ ಅಂದ್ರೆ ಅದೇ ನಿಮ್ಮ ಉತ್ತರ. ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸೋ ಜಾಹೀರಾತಿನ ವಿರುದ್ಧ ದೂರು ಕೊಡೋ ಅವಕಾಶ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಲೆಕ್ಕ ತಪ್ಪಿದಾಗ ನಷ್ಟ ದುಡ್ಡಿಗಷ್ಟೇ ಆಗಲ್ಲ. 'ಅಲರ್ಜಿ ಬರಲ್ಲ' ಅಂತ ನಂಬಿ ತಂದ ಮರಿಯನ್ನ ಎರಡು ತಿಂಗಳಲ್ಲಿ ಯಾವುದೋ ಪಾರ್ಕ್ ಹತ್ರ ಬಿಟ್ಟು ಬರ್ತಾರೆ. ಮನೆಯೊಳಗೇ ಬೆಳೆದ ಬೆಕ್ಕಿಗೆ ಬೀದೀಲಿ ಬದುಕೋದು ಗೊತ್ತಿರಲ್ಲ. ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಸಾಕುಪ್ರಾಣಿಯನ್ನ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಇನ್ನೊಂದು ವಿಷಯ, ಬೆಕ್ಕು ಹೋದ ತಕ್ಷಣ ಅಲರ್ಜಿಯೂ ಹೋಗಲ್ಲ. ಮನೇಲಿ ಉಳಿದ ಪ್ರೋಟೀನ್ ಕರಗೋಕೆ ನಾಲ್ಕೈದು ತಿಂಗಳೋ ಇನ್ನೂ ಜಾಸ್ತಿಯೋ ಬೇಕಾಗುತ್ತೆ.

ವಾಯ್ಸ್ ನೋಟ್ ಕಳಿಸಿದವರಿಗೆ: ಅಡ್ವಾನ್ಸ್ ಕೊಡಬೇಡಿ. ತಮ್ಮನ್ನ ಅಲರ್ಜಿ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಅವರು ಬೇಡ ಅಂದ್ರೆ ಬೇಡ. ಬೆಕ್ಕಿನ ಪ್ರೀತಿ ತೋರಿಸೋಕೆ ಬೇರೆ ದಾರಿ ಇದೆ. ನಿಮ್ಮ ಏರಿಯಾದ ಬೀದಿ ಬೆಕ್ಕುಗಳ ಆಪರೇಷನ್ ಖರ್ಚಿಗೆ ಕೈಜೋಡಿಸಿ, ಹೊರಗೇ ಊಟ ಹಾಕಿ, ಮನೆಗೆ ಬಂದು ಬಟ್ಟೆ ಬದಲಿಸಿ, ಕೈ ತೊಳ್ಕೊಂಡು ತಮ್ಮನ ಪಕ್ಕ ಕೂತ್ಕೊಳ್ಳಿ.

ಅಲರ್ಜಿ ಇದ್ದೂ ಬೆಕ್ಕು ಸಾಕ್ತಿರೋರು ಯಾರಾದ್ರೂ ಇದ್ರೆ, ಹೇಗೆ ನಿಭಾಯಿಸ್ತಿದ್ದೀರಾ ಅಂತ ವಾಯ್ಸ್ ನೋಟ್ ಕಳಿಸಿ. ಚೆನ್ನಾಗಿರೋದನ್ನ ಮುಂದಿನ ಎಪಿಸೋಡ್‌ನಲ್ಲಿ ಹಾಕ್ತೀನಿ.