ಸತ್ಯಾಣುವ್ರತವೂ ಇಬ್ಬಗೆಯ ನುಡಿಯೂ



ಸುಳ್ಳಾಡಬಾರದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಸುಳ್ಳೆಂದು ಹಿಡಿಯಲು ಬಾರದಂತೆ, ನಿಜವೂ ಹೊರಬೀಳದಂತೆ, ಎರಡರ್ಥಕ್ಕೂ ಒದಗುವ ನುಡಿಯನ್ನು ಬೇಕೆಂದೇ ಆಡುವವರ ವಿಷಯದಲ್ಲಿ ಸತ್ಯಾಣುವ್ರತವು ಏನೆನ್ನುತ್ತದೆ?

ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ನಾಲ್ಕನೆಯದು ನ್ಯಾಸಾಪಹಾರ. ಕನ್ನಡ ನಾಡಿನ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸಿದ ಬಗೆ ಮನನೀಯವಾದುದು. ಒಬ್ಬನು ಹೊನ್ನನ್ನು ಇನ್ನೊಬ್ಬನಲ್ಲಿ ಇರಿಸಿ, ಕಾಲಾಂತರದಲ್ಲಿ ಎಣಿಕೆ ಮರೆತು, ಇಟ್ಟುದಕ್ಕಿಂತ ಕಡಿಮೆ ಕೇಳುತ್ತಾನೆ. ಆಗ ಇಟ್ಟುಕೊಂಡವನು ‘ಹಾಗೆಯೇ’ ಎಂದು ಸಮ್ಮತಿಸಿಬಿಡುವುದೇ ನ್ಯಾಸಾಪಹಾರ. ಅವನು ಲೆಕ್ಕ ತಿದ್ದಲಿಲ್ಲ. ಕೇಳಿದುದನ್ನು ಇಲ್ಲವೆನ್ನಲೂ ಇಲ್ಲ. ಆದರೂ ಆಚಾರ್ಯರು ಇದನ್ನು ಮನ್ನಿಸದೆ ಕೂಟಲೇಖದ ಪಕ್ಕದಲ್ಲಿಯೇ ಕುಳ್ಳಿರಿಸಿದರು. ಜಾಲಹಳ್ಳಿ, ದೇವದುರ್ಗದ ಸೀಮೆಯ ರೈತನೊಬ್ಬನು ಹತ್ತಿ ಮಾರಿದ ಹಣವನ್ನು ಅಡತಿ ಅಂಗಡಿಯಲ್ಲಿ ಬಿಟ್ಟುಹೋಗಿ, ಆರು ತಿಂಗಳ ಮೇಲೆ ಬಂದು “ನಂದು ಎಷ್ಟು ಉಳದೈತ್ರಿ, ಸಾವ್ಕಾರ್ರೆ?” ಎಂದನೆನ್ನಿ. “ನೀನೇ ಹೇಳಪ್ಪ, ನೀ ಅಂದದ್ದೇ ಲೆಕ್ಕ” ಎಂಬ ಉತ್ತರವು ಔದಾರ್ಯದಂತೆಯೇ ಕೇಳಿಸುತ್ತದೆ. ಓದುಬರಹವಿಲ್ಲದವನಿಗೆ ಆ ವಿನಯ ಎಷ್ಟು ದುಬಾರಿ!

ಅನೇಕಾಂತವೇ ಇಂತಹ ಜಾರಿಕೆಯ ನುಡಿಯೆಂದು ಪರವಾದಿಗಳು ಆಕ್ಷೇಪಿಸಿದ್ದುಂಟು. 8ನೆಯ ಶತಮಾನದ ಅಕಲಂಕದೇವರು ರಾಜವಾರ್ತಿಕದಲ್ಲಿ ಇದಕ್ಕೆ ಉತ್ತರವಿತ್ತಿದ್ದಾರೆ. ಒಬ್ಬನನ್ನು ‘ನವಕಂಬಲ’ನೆಂದಾಗ, ಹೊಸ ಕಂಬಳಿಯುಳ್ಳವನೆಂಬ ಆಶಯ ತಿಳಿದಿದ್ದೂ, ಒಂಬತ್ತು ಕಂಬಳಿಗಳೆಲ್ಲಿ ಎಂದು ಎದುರಾಡುವುದು ವಾಕ್ಛಲ. ಸ್ಯಾದ್ವಾದವಾದರೋ ಯಾವ ಅಪೇಕ್ಷೆಯಿಂದ ‘ಇದೆ’, ಯಾವ ಅಪೇಕ್ಷೆಯಿಂದ ‘ಇಲ್ಲ’ ಎಂಬುದನ್ನು ಬಿಡಿಸಿ ಹೇಳುತ್ತದೆ. ಸಭೆಯಲ್ಲಿ ಪಕ್ಷ ಹಿಡಿಯಲಂಜಿ ‘ಇದೂ ಸರಿ, ಅದೂ ಸರಿ’ ಎಂದು ನುಣುಚಿಕೊಂಡು, ಅದಕ್ಕೆ ಅನೇಕಾಂತದ ಹೆಸರಿಡುವುದು ಆ ಆಚಾರ್ಯರಿಗೆ ಮಾಡುವ ಅಪಚಾರವೇ ಸರಿ.

ವಸುರಾಜನು ಆಡಿದ್ದು ಅಂತಹುದೇ ಮಾತು. ಪುನ್ನಾಟ ಸಂಘದ ಜಿನಸೇನರು ಕ್ರಿ.ಶ. 783ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿ ಆ ಪ್ರಸಂಗವಿದೆ. ಯಜ್ಞದ ‘ಅಜ’ವೆಂದರೆ ಮೊಳೆಯದ ಹಳೆಯ ಧಾನ್ಯವೆಂದು ನಾರದನು, ಆಡೆಂದು ಪರ್ವತನು ವಾದಿಸಿದರು. ಗುರುಗಳು ಕಲಿಸಿದ ಅರ್ಥವು ಸಹಪಾಠಿಯಾದ ವಸುವಿಗೆ ತಿಳಿದೇ ಇತ್ತು. ಗುರುಪತ್ನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದ ಅವನು, ನಾರದನ ನುಡಿ ಯುಕ್ತಿಯುಕ್ತವೆಂದು ಮೊದಲು ಮೆಚ್ಚಿ, ಪರ್ವತನದು ಮಾತ್ರ ಗುರುವಚನವೆಂದು ತೀರ್ಪಿತ್ತನು. ಆಕಾಶದಲ್ಲಿ ನಿಂತಂತೆ ತೋರುತ್ತಿದ್ದ ಸ್ಫಟಿಕದ ಸಿಂಹಾಸನವು ಆ ಕ್ಷಣವೇ ನೆಲದಲ್ಲಿ ಹುದುಗಿತು. ಯಜ್ಞಶಾಲೆಗೆ ನಡೆದ ಆಡುಗಳಿಗೆ ಆ ಸಭೆಯ ಶ್ಲೇಷೆ ಯಾವುದೂ ತಿಳಿದಿರಲಿಲ್ಲ.