ದನಿ ಉಳಿಯಲೆಂದು ಬದಲಾಗುವ ಅಕ್ಷರ



ಸ್ಪ್ಯಾನಿಷ್ ಭಾಷೆಯಲ್ಲಿ ಹುಡುಕುವುದಕ್ಕೆ 'ಬುಸ್ಕಾರ್' ಎನ್ನುತ್ತಾರೆ. ಅದರ ಕಕಾರವನ್ನು ಬರೆಯುವುದು ಸಿ ಅಕ್ಷರದಿಂದ. 'ನಾನು ಹುಡುಕಿದೆ' ಎನ್ನಬೇಕಾದರೆ 'ಬುಸ್ಕೇ'. ಆದರೆ ಬರಹದಲ್ಲಿ ನೋಡಿದರೆ ಸಿ ಇರುವುದಿಲ್ಲ, ಅದರ ಜಾಗದಲ್ಲಿ ಕ್ಯೂ, ಯು ಎಂಬ ಎರಡಕ್ಷರ ಕೂತಿರುತ್ತವೆ. ಹೊಸದಾಗಿ ಕಲಿಯುವವರು ಇದೂ ಒಂದು ಅಪವಾದವೆಂದು ಉರು ಹೊಡೆಯತೊಡಗುತ್ತಾರೆ. ಅದರ ಅಗತ್ಯವೇ ಇಲ್ಲ. ಕಿವಿಗೊಟ್ಟು ಕೇಳಿ: ಬುಸ್ಕಾರ್, ಬುಸ್ಕೊ, ಬುಸ್ಕೇ. ಕಕಾರ ಎಲ್ಲಿಯೂ ಕದಲಿಲ್ಲ.

ಸ್ಪ್ಯಾನಿಷ್‌ನ ತಾಯಿಯಾದ ಹಳೆಯ ಲ್ಯಾಟಿನ್‌ನಲ್ಲಿ ಸಿ ಅಕ್ಷರಕ್ಕೆ ಎಲ್ಲೆಡೆಯೂ ಕಕಾರದ ಉಚ್ಚಾರವೇ ಇತ್ತು. ಶತಮಾನಗಳು ಕಳೆದಂತೆ ಎ, ಇ ಸ್ವರಗಳ ಮುಂದೆ ಮಾತ್ರ ಜನರ ಬಾಯಲ್ಲಿ ಅದು ಮೆತ್ತಗಾಯಿತು. ಇಂದು ಲ್ಯಾಟಿನ್ ಅಮೆರಿಕದಲ್ಲಿ ಅಲ್ಲಿ ಸಕಾರ ಕೇಳುತ್ತದೆ; ಸ್ಪೇನಿನ ಹೆಚ್ಚಿನ ಭಾಗದಲ್ಲಿ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ನುಡಿಯುತ್ತಾರೆ. ಹಾಗಾಗಿ ಸಿ ಅಕ್ಷರವನ್ನೇ ಉಳಿಸಿಕೊಂಡರೆ 'ಬುಸ್ಕೇ' ಎಂದು ಓದಲಾಗದು. ಧಾತುವಿನ ದನಿಯನ್ನು ಕಾಯುವುದಕ್ಕೆಂದೇ ಅಕ್ಷರ ಜಾಗ ಬಿಡುತ್ತದೆ.

ಗಕಾರದ ಕಥೆಯೂ ಹೀಗೆಯೇ. ಹಣ ಕೊಡುವುದು 'ಪಗಾರ್'. (ನಮ್ಮ 'ಪಗಾರ' ಬಂದದ್ದು ಇದರ ಪೋರ್ಚುಗೀಸ್ ಸೋದರನಿಂದ.) 'ಹಣ ಕೊಟ್ಟೆ' ಎನ್ನಲು 'ಪಗೇ' ಎಂದು ಬರೆಯುವಾಗ ಜಿ ಅಕ್ಷರದ ಪಕ್ಕ ಒಂದು ಯು ಸೇರುತ್ತದೆ. ಆ ಯು ಮೌನಿ. ಗಕಾರ ಕೆಡದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಹಾಗಾದರೆ ಯು ಕೇಳಿಸಲೇಬೇಕಾದ ಕಡೆ ಏನು ಗತಿ? ವಿಚಾರಿಸಿ ತಿಳಿಯುವುದಕ್ಕೆ 'ಅವೆರಿಗ್ವಾರ್' ಎಂಬ ಪದವಿದೆ. ಅದರ ಭೂತಕಾಲದ 'ಅವೆರಿಗ್ವೇ' ರೂಪದಲ್ಲಿ ಯು ಅಕ್ಷರದ ನೆತ್ತಿಯ ಮೇಲೆ ಎರಡು ಚುಕ್ಕಿ ಇಡುತ್ತಾರೆ, ಇಲ್ಲಿ ಇದನ್ನು ಉಚ್ಚರಿಸಿ ಎಂದು. ಇಷ್ಟು ಪುಟ್ಟ ಗುರುತಿನಲ್ಲಿ ಇಷ್ಟು ಸ್ಪಷ್ಟತೆ ತಂದ ಲಿಪಿಕಾರರ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ.

ಈ ಏರ್ಪಾಡು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಕಾಪಾಡುವುದು 'ಪ್ರೊತೆಹೇರ್', ಕಾಪಾಡುತ್ತೇನೆ ಎಂದರೆ 'ಪ್ರೊತೆಹೊ'. ಗಂಟಲಿನಿಂದ ಬರುವ ಆ ಹಕಾರಕ್ಕೆ ಮೊದಲಿನದರಲ್ಲಿ ಜಿ, ಎರಡನೆಯದರಲ್ಲಿ ಜೆ. ಎರಡಕ್ಕೂ ಜೆ ಅಕ್ಷರವೇ ಸಾಲದೇ ಎಂದು 1823ರಲ್ಲಿ ವೆನೆಜುವೆಲಾ ಮೂಲದ ವಿದ್ವಾಂಸ ಆಂದ್ರೆಸ್ ಬೇಯೊ ವಾದಿಸಿದರು. ಅವರ ಸುಧಾರಣೆಯ ಒಂದು ಭಾಗವನ್ನು ಚಿಲಿ ದೇಶ 1844ರಲ್ಲಿ ಒಪ್ಪಿಕೊಂಡು 1927ರವರೆಗೂ ಪಾಲಿಸಿತು. 1956ರಲ್ಲಿ ನೊಬೆಲ್ ಪಡೆದ ಕವಿ ಹುವಾನ್ ರಮೋನ್ ಹಿಮೆನೆಸ್ ಕೂಡ ಹಠ ಹಿಡಿದು ಹೀಗೆಯೇ ಜೆ ಬಳಸಿದವರು.

ಈ ಎಲ್ಲ ಕ್ರಿಯಾಪದಗಳಿಗೆ ಹೋಲಿಸಿದರೆ 'ಇರುವುದು' ಎಂಬರ್ಥದ 'ಸೆರ್' ಬೇರೆಯೇ ಜಾತಿ. ಅದು 'ಸೊಯ್' ಆಗುತ್ತದೆ, 'ಫುಯ್' ಆಗುತ್ತದೆ. ಅಲ್ಲಿ ದನಿಯೇ ಬದಲು. ಉರು ಹೊಡೆಯುವ ಶ್ರಮವನ್ನು ಅಂಥ ಕ್ರಿಯಾಪದಗಳಿಗೆ ಮೀಸಲಿಡಿ. ಉಳಿದವನ್ನು ಮೊದಲು ಗಟ್ಟಿಯಾಗಿ ನುಡಿದು, ಆಮೇಲೆ ಬರೆಯಿರಿ.